ವೈಟ್‌ಫೀಲ್ಡ್‌ನಿಂದ ಐಂಡ್‌ಹೋವನ್‌ಗೆ: ಐದು ವರ್ಷದ ಲೆಕ್ಕ

ಏಪ್ರಿಲ್-ಮೇ ಬಂತೆಂದರೆ ವೈಟ್‌ಫೀಲ್ಡ್, ವರ್ತೂರು, ಎಲೆಕ್ಟ್ರಾನಿಕ್ ಸಿಟಿ ಕಡೆಯ ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಂತೆ ನೆರೆಯುತ್ತದೆ. ಆರು ಕುರ್ಚಿಯ ಊಟದ ಮೇಜು, ಎರಡು ವರ್ಷ ಹಳೆಯ ವಾಷಿಂಗ್ ಮಷೀನ್, ಮಗುವಿಗೆ ಚಿಕ್ಕದಾದ ಸೈಕಲ್ಲು, ಕುಂಡದ ಸಮೇತ ಕರಿಬೇವಿನ ಗಿಡ. ಕೆಳಗೊಂದು ಸಾಲು: 'ರಿಲೊಕೇಟ್ ಆಗ್ತಿದ್ದೀವಿ, ಬೇಗ ಕೊಡಬೇಕು.' ಹದಿನೈದು ವರ್ಷಗಳ ಹಿಂದೆ ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಹೋಗುವುದೆಂದರೆ ಅಮೆರಿಕಕ್ಕೆ. ನ್ಯೂಜೆರ್ಸಿಯೋ ಕ್ಯಾಲಿಫೋರ್ನಿಯಾವೋ ಎಂಬುದಷ್ಟೇ ಪ್ರಶ್ನೆ. ಈಗ ಕೇಳಲೇಬೇಕು. ಉತ್ತರ ನೆದರ್ಲೆಂಡ್ಸಿನ ಐಂಡ್‌ಹೋವನ್ ಇರಬಹುದು, ಡಬ್ಲಿನ್ ಇರಬಹುದು, ಕೋಪನ್‌ಹೇಗನ್, ಲಕ್ಸಂಬರ್ಗ್, ಟಾಲಿನ್ ಇರಬಹುದು. ಊರಲ್ಲಿರುವ ಅಜ್ಜಿಗೆ ಇದನ್ನು ತಿಳಿಸುವುದು ಕಷ್ಟ. ಕೊನೆಗೆ 'ಲಂಡನ್ ಹತ್ತಿರ ಅಜ್ಜಿ' ಎಂದು ಮುಗಿಸುತ್ತಾರೆ.

ಇವೆಲ್ಲ ಇರುವುದು ಪುಟ್ಟ ದೇಶಗಳಲ್ಲಿ. ನೆದರ್ಲೆಂಡ್ಸ್ ವಿಸ್ತೀರ್ಣದಲ್ಲಿ ಕರ್ನಾಟಕದ ಕಾಲುಭಾಗಕ್ಕಿಂತ ಕಡಿಮೆ. ಐರ್ಲೆಂಡಿನ ಜನಸಂಖ್ಯೆ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಲಕ್ಸಂಬರ್ಗ್ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ತುಸು ದೊಡ್ಡದು, ಅಷ್ಟೆ. ನೂರು ಕೋಟಿಗೂ ಹೆಚ್ಚು ಜನರ ದೇಶದಿಂದ ಹೊರಟವರು ದೊಡ್ಡ ದೇಶಗಳನ್ನು ದಾಟಿ ಇಂಥ ಕಡೆ ಯಾಕೆ ಹೋಗುತ್ತಾರೆ?

ಕೇಳಿದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಟ್ರಾಫಿಕ್. ಆಮೇಲೆ ಟ್ಯಾಂಕರ್ ನೀರು, ವರ್ತೂರು ಕೆರೆಯ ನೊರೆ, 2022ರ ಸೆಪ್ಟೆಂಬರ್‌ನಲ್ಲಿ ಲೇಔಟ್ ಮುಳುಗಿ ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು. ಯಾವುದೂ ಸುಳ್ಳಲ್ಲ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಯೋಜಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಒಂದು ಮಗು ಹುಟ್ಟಿ ಎಸ್‌ಎಸ್‌ಎಲ್‌ಸಿ ಮುಗಿಸುತ್ತದೆ. ಆದರೂ ದೇಶ ಬಿಡಲು ಟ್ರಾಫಿಕ್ ಕಾರಣ ಎಂಬ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಬೆಂಗಳೂರಿನ ಟ್ರಾಫಿಕ್ ಬಗ್ಗೆ ಪ್ರತಿ ವರ್ಷ ಸುದ್ದಿಯಾಗುವ ಪಟ್ಟಿಯನ್ನು ಹೊರತರುವುದು ಆಮ್‌ಸ್ಟರ್‌ಡ್ಯಾಮಿನ ಟಾಮ್‌ಟಾಮ್ ಕಂಪನಿ. 2023ರ ಅದರ ಪಟ್ಟಿಯಲ್ಲಿ ನಗರದ ನಡುಭಾಗದಲ್ಲಿ 10 ಕಿಲೋಮೀಟರ್ ದಾಟಲು ಬೆಂಗಳೂರಿಗೆ ಹಿಡಿದ ಸಮಯ 28 ನಿಮಿಷ 10 ಸೆಕೆಂಡ್, ಸ್ಥಾನ ಆರು. ಎರಡನೇ ಸ್ಥಾನದಲ್ಲಿದ್ದ ಊರು ಡಬ್ಲಿನ್. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆ ತಪ್ಪಿಸಿಕೊಳ್ಳಲೆಂದು ಡಬ್ಲಿನ್‌ಗೆ ಹೋದವರು ಈ ಪಟ್ಟಿ ನೋಡಿರಲಿಕ್ಕಿಲ್ಲ. ಟ್ರಾಫಿಕ್ ಬೇಸರ ಹುಟ್ಟಿಸುತ್ತದೆ, ಆದರೆ ಮನೆ ಖಾಲಿ ಮಾಡಿಸುವಷ್ಟು ಶಕ್ತಿ ಅದಕ್ಕಿಲ್ಲ. ಅದಕ್ಕೆ ಬೇರೊಂದು ಲೆಕ್ಕ ಬೇಕು. ಆ ಲೆಕ್ಕ ಶುರುವಾಗುವುದು ಅಮೆರಿಕದಿಂದ.

ಅಮೆರಿಕದ ಎಚ್-1ಬಿ ವೀಸಾ ವರ್ಷಕ್ಕೆ 65,000, ಅಲ್ಲೇ ಮಾಸ್ಟರ್ಸ್ ಓದಿದವರಿಗೆ ಇನ್ನೂ 20,000. ಅರ್ಜಿಗಳು ಇದಕ್ಕಿಂತ ಎಷ್ಟೋ ಪಟ್ಟು ಬರುವುದರಿಂದ ವರ್ಷಗಟ್ಟಲೆ ಲಾಟರಿ ಎತ್ತುತ್ತಾ ಬಂದರು. ಲಾಟರಿ ಹೊಡೆದರೂ ಅಲ್ಲಿ ನೆಲೆ ನಿಲ್ಲಲು ಗ್ರೀನ್ ಕಾರ್ಡ್ ಬೇಕು. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದೇ ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ ಶೇ 7ಕ್ಕಿಂತ ಹೆಚ್ಚು ಹೋಗಬಾರದೆಂಬ ಮಿತಿಯಿದೆ. ಈ ಶೇ 7 ಭಾರತಕ್ಕೂ ಅಷ್ಟೇ, ಲಕ್ಸಂಬರ್ಗ್‌ಗೂ ಅಷ್ಟೇ. ಹಾಗಾಗಿ ಆ ಪುಟ್ಟ ದೇಶದವನ ಸಾಲು ಚಿಕ್ಕದು, ನಮ್ಮವರ ಸಾಲು ಕದಲುವುದಿಲ್ಲ. ಮಾಸ್ಟರ್ಸ್ ಪದವೀಧರರು ಹೆಚ್ಚಾಗಿ ಹಾಕುವ ವರ್ಗದಲ್ಲಿ 2025ರ ಕೊನೆಗೆ ಪಾಳಿ ಬಂದದ್ದು 2013ರಲ್ಲಿ ಅರ್ಜಿ ಹಾಕಿದ ಭಾರತೀಯರಿಗೆ. ಇವತ್ತು ಸಾಲಿಗೆ ಸೇರುವವರ ಪಾಳಿ ಅವರ ಸರ್ವಿಸ್ ಮುಗಿಯುವುದರೊಳಗೆ ಬರುವ ಭರವಸೆಯಿಲ್ಲ. ಮಗುವಿಗೆ 21 ತುಂಬಿದರೆ ಅಪ್ಪನ ಅರ್ಜಿಯಡಿ ಅದಕ್ಕೆ ಜಾಗವಿಲ್ಲ. ಹೆಂಡತಿ ಎಚ್-4 ವೀಸಾದಲ್ಲಿ ಹೋದರೆ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತಕ್ಕೆ ಬರುವವರೆಗೆ ಕೆಲಸ ಮಾಡುವಂತಿಲ್ಲ. ಇಷ್ಟೆಲ್ಲ ಇರುವಾಗಲೇ 2025ರ ಸೆಪ್ಟೆಂಬರ್ 19ರಂದು ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂತು. ಕದ ಮೊದಲೇ ಅರ್ಧ ಮುಚ್ಚಿತ್ತು, ಈಗ ಚಿಲಕವೂ ಬಿತ್ತು.

ಇದರ ಪಕ್ಕದಲ್ಲಿ ನೆದರ್ಲೆಂಡ್ಸಿನ ನಿಯಮ ಇಟ್ಟು ನೋಡಿ. ಅಲ್ಲಿ 2004ರಿಂದ ಪರಿಣತ ವಲಸಿಗರಿಗೆಂದೇ ಒಂದು ಪರವಾನಗಿ ಇದೆ. ಲಾಟರಿಯಿಲ್ಲ, ವರ್ಷಕ್ಕಿಷ್ಟೇ ಎಂಬ ಮಿತಿಯಿಲ್ಲ, ಯಾವ ದೇಶದಲ್ಲಿ ಹುಟ್ಟಿದೆ ಎಂದು ನೋಡಿ ಸಾಲು ಬೇರೆ ಮಾಡುವುದೂ ಇಲ್ಲ. ಕರೆಸುವ ಕಂಪನಿ ಸರ್ಕಾರದ ಮಾನ್ಯತಾ ಪಟ್ಟಿಯಲ್ಲಿರಬೇಕು, ಸಂಬಳ ಒಂದು ಗೆರೆ ದಾಟಿರಬೇಕು. 2025ರಲ್ಲಿ ಆ ಗೆರೆ ಮೂವತ್ತು ತುಂಬಿದವರಿಗೆ ತಿಂಗಳಿಗೆ 5,688 ಯೂರೋ, ಅದಕ್ಕಿಂತ ಚಿಕ್ಕವರಿಗೆ ಕಡಿಮೆ. ದಾಟಿದರೆ ಸಾಮಾನ್ಯವಾಗಿ ಎರಡು ವಾರದಲ್ಲಿ ತೀರ್ಮಾನ. ಹೆಂಡತಿ ಅಥವಾ ಗಂಡ ಹೋದ ಮೊದಲ ದಿನದಿಂದ ಯಾವ ಕೆಲಸವನ್ನಾದರೂ ಮಾಡಬಹುದು. ಹೊರಗಿನಿಂದ ಬಂದವರ ಸಂಬಳದಲ್ಲಿ ಶೇ 30ರವರೆಗೆ ತೆರಿಗೆ ಇಲ್ಲದೆ ಕೊಡುವ ರಿಯಾಯಿತಿಯೂ ಉಂಟು. ಐದು ವರ್ಷ ಇದ್ದು ಡಚ್ ಭಾಷೆಯ ಸಾಧಾರಣ ಮಟ್ಟದ ಪರೀಕ್ಷೆ ಪಾಸಾದರೆ ಕಾಯಂ ವಾಸದ ಹಕ್ಕು, ನಮ್ಮವರ ಬಾಯಲ್ಲಿ 'ಪಿಆರ್'.

ಐರ್ಲೆಂಡ್ ಕೂಡ ಹೆಚ್ಚುಕಡಿಮೆ ಇದೇ ದಾರಿಯಲ್ಲಿದೆ. ಬೇಡಿಕೆಯಿರುವ ಕೌಶಲಗಳ ಪರವಾನಗಿ ಸಿಕ್ಕವರು ಸುಮಾರು ಎರಡು ವರ್ಷದ ಮೇಲೆ ಕಂಪನಿಯ ಹಂಗಿಲ್ಲದ ವಾಸದ ಹಕ್ಕು ಕೇಳಬಹುದು, ಐದು ವರ್ಷಕ್ಕೆ ಪೌರತ್ವದ ಅರ್ಜಿ ಹಾಕಬಹುದು. ಅಲ್ಲಿ ಇಂಗ್ಲಿಷ್ ಸಾಕು. ಸ್ವಿಟ್ಜರ್ಲೆಂಡಿನಲ್ಲಿ ಸಂಬಳ ಇವೆರಡಕ್ಕಿಂತ ಜಾಸ್ತಿ, ಆದರೆ ಯುರೋಪಿನಾಚೆಯವರಿಗೆ ವರ್ಷಕ್ಕೆ 8,500 ಪರವಾನಗಿಯ ಮಿತಿ, ಪೌರತ್ವಕ್ಕೆ ಹತ್ತು ವರ್ಷ. ಹಾಗಾಗಿ ಅದು ಕೆಲವರ ಪಾಲಿನದು.

ಒಟ್ಟಿನಲ್ಲಿ ಜನ ಹುಡುಕುತ್ತಿರುವುದು ಕೊನೆ ಕಾಣುವ ದಾರಿಯನ್ನು ಎಂದು ನನಗೆ ತೋರುತ್ತದೆ. ಮೂವತ್ತೈದು ದಾಟಿದ ದಂಪತಿಗೆ, ಅದರಲ್ಲೂ ಶಾಲೆಗೆ ಹೋಗುವ ಮಗುವಿದ್ದವರಿಗೆ, ಡಾಲರ್ ಹೆಚ್ಚೋ ಯೂರೋ ಹೆಚ್ಚೋ ಎನ್ನುವುದಕ್ಕಿಂತ 'ಇಂಥ ವರ್ಷ ಇಂಥ ತಿಂಗಳು ನಾವು ಯಾರ ದಯೆಯಲ್ಲೂ ಇರುವುದಿಲ್ಲ' ಎಂದು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಲು ಆಗುವುದು ಮುಖ್ಯ. ಕೈಗೆ ಬರುವ ಹಣದ ಲೆಕ್ಕ ಹಾಕಿದರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಬ್ಬರೂ ದುಡಿಯುವ ಮನೆಯಲ್ಲೇ ತಿಂಗಳ ಕೊನೆಗೆ ಹೆಚ್ಚು ಉಳಿಯುತ್ತದೆ ಎನ್ನುವವರು ಬೇಕಾದಷ್ಟಿದ್ದಾರೆ. ಆದರೂ ಹೋಗುತ್ತಾರೆ.

ಪುಟ್ಟ ದೇಶಕ್ಕೆ ಇಂಥ ಉದಾರ ನಿಯಮ ಯಾಕೆ ಬೇಕಾಯಿತು? ದಾನಬುದ್ಧಿಯಿಂದಲ್ಲ. ಐಂಡ್‌ಹೋವನ್ ನೋಡಿದರೆ ಗೊತ್ತಾಗುತ್ತದೆ. 1891ರಲ್ಲಿ ಅಲ್ಲಿ ಬಲ್ಬು ಮಾಡಲೆಂದು ಫಿಲಿಪ್ಸ್ ಕಂಪನಿ ಶುರುವಾಯಿತು. 1984ರಲ್ಲಿ ಅದೇ ಕಂಪನಿಯ ಆವರಣದ ಸೋರುವ ಶೆಡ್ಡುಗಳಲ್ಲಿ ಎಎಸ್‌ಎಂಎಲ್ ಹುಟ್ಟಿತು. ಇವತ್ತು ಮೊಬೈಲು, ಎಐ ಸರ್ವರುಗಳ ಅತಿ ಸೂಕ್ಷ್ಮ ಚಿಪ್ಪುಗಳನ್ನು ಅಚ್ಚೊತ್ತುವ ಇಯುವಿ ಯಂತ್ರವನ್ನು ಜಗತ್ತಿನಲ್ಲಿ ಮಾಡುವುದು ಅದೊಂದೇ ಕಂಪನಿ, ಪಕ್ಕದ ವೆಲ್ಡ್‌ಹೋವನ್‌ನಲ್ಲಿ. ಪ್ರಪಂಚದಾದ್ಯಂತ ಅದಕ್ಕೆ 40,000ಕ್ಕೂ ಹೆಚ್ಚು ನೌಕರರು. 1.8 ಕೋಟಿ ಜನರ ದೇಶ ಇಷ್ಟು ಎಂಜಿನಿಯರುಗಳನ್ನು ತಾನೇ ಹೆತ್ತು ಓದಿಸಿ ಕೊಡುವುದು ಸಾಧ್ಯವಿಲ್ಲ. ವಲಸೆ ವಿರೋಧಿ ರಾಜಕೀಯ ಜೋರಾಗಿ, ವಿದೇಶಿ ನೌಕರರು ಸಿಗದಿದ್ದರೆ ಬೇರೆ ಕಡೆ ವಿಸ್ತರಿಸುವ ಮಾತು ಎಎಸ್‌ಎಂಎಲ್‌ನಿಂದ ಬಂದಾಗ, 2024ರ ಮಾರ್ಚ್‌ನಲ್ಲಿ ಡಚ್ ಸರ್ಕಾರ ಆ ಒಂದು ಪ್ರದೇಶದ ಮನೆ, ರಸ್ತೆ, ರೈಲು, ತರಬೇತಿಗಾಗಿ 2.5 ಶತಕೋಟಿ ಯೂರೋ ಎತ್ತಿಟ್ಟಿತು. ಹೊರ ವರ್ತುಲ ರಸ್ತೆಯ ಕಂಪನಿಯೊಂದು 2025ರ ಸೆಪ್ಟೆಂಬರ್‌ನಲ್ಲಿ ಗುಂಡಿಗಳಿಗೆ ಬೇಸತ್ತು ಜಾಗ ಖಾಲಿ ಮಾಡುತ್ತೇವೆ ಎಂದಾಗ ನಮ್ಮಲ್ಲಿ ಆದದ್ದು ಮಾತಿನ ಜಗಳ, ಜೊತೆಗೆ ಪಕ್ಕದ ಆಂಧ್ರದಿಂದ ಬಂದ ಆಹ್ವಾನ. ಸಾವಿರಾರು ಕಂಪನಿಗಳಿರುವ ಊರಿಗೆ ಒಂದು ಹೋದರೆ ಇನ್ನೊಂದು ಬರುತ್ತದೆ ಎಂಬ ಧೈರ್ಯ ಇರುತ್ತದೆ. ಒಂದೇ ಕಂಪನಿಯನ್ನು ನೆಚ್ಚಿರುವ ಊರಿಗೆ ಅದಿಲ್ಲ. ಅಲ್ಲಿನ ನಿಯಮಗಳು ಸ್ಪಷ್ಟವಾಗಿರಲು ಈ ಅಳುಕೇ ಕಾರಣ.

ಇನ್ನೊಂದು ಮಾತು. ಹೋಗುವವರು ಭೂಪಟ ಹರಡಿ ದೇಶ ಆರಿಸುವುದಿಲ್ಲ. ಬಹುಪಾಲು ಮಂದಿ ಈಗಾಗಲೇ ಗೊತ್ತಿರುವ ದೇಶಕ್ಕೇ ಹೋಗುತ್ತಾರೆ, ಯಾಕೆಂದರೆ ಆ ದೇಶ ಅವರಿಗಿಂತ ಮೊದಲೇ ಇಲ್ಲಿಗೆ ಬಂದಿತ್ತು. ವೈಟ್‌ಫೀಲ್ಡ್‌ನ ಐಟಿಪಿಎಲ್ ಟೆಕ್ ಪಾರ್ಕ್ ನೆನೆಸಿಕೊಳ್ಳಿ. 1992ರಲ್ಲಿ ಪ್ರಧಾನಿ ನರಸಿಂಹರಾವ್ ಮತ್ತು ಸಿಂಗಪುರದ ಪ್ರಧಾನಿ ಗೋ ಚೋಕ್ ಟಾಂಗ್ ನಡುವಿನ ಮಾತುಕತೆಯಿಂದ ಹುಟ್ಟಿದ ಯೋಜನೆ ಅದು. ಸಿಂಗಪುರದ ಕಂಪನಿಗಳು, ಟಾಟಾ ಮತ್ತು ಕರ್ನಾಟಕ ಸರ್ಕಾರ ಸೇರಿ ಕಟ್ಟಿದ್ದು. ಕರೆಂಟು ಹೋಗುವುದು ಸಹಜ ಎನಿಸಿದ್ದ ಕಾಲದಲ್ಲಿ ಸ್ವಂತ ವಿದ್ಯುತ್ ಸ್ಥಾವರ ಇಟ್ಟುಕೊಂಡು ಅದು ಎದ್ದು ನಿಂತಿತು. ಗೇಟಿನ ಒಳಗೆ ಸಿಂಗಪುರ, ಹೊರಗೆ ಹೂಡಿ-ಕಾಡುಗೋಡಿಯ ಕೆಮ್ಮಣ್ಣು. 1999ರಲ್ಲಿ ಮುಖ್ಯಮಂತ್ರಿಯಾದ ಎಸ್.ಎಂ. ಕೃಷ್ಣ ಬೆಂಗಳೂರನ್ನು ಸಿಂಗಪುರ ಮಾಡುವ ಮಾತಾಡಿದಾಗ ಎಷ್ಟೋ ಜನ ನಕ್ಕರು. ಆದರೆ ವೈಟ್‌ಫೀಲ್ಡ್‌ನ ಒಂದು ತಲೆಮಾರಿನ ನೌಕರರು ಆ ಗೇಟಿನೊಳಗೆ ದಿನಕ್ಕೆ ಒಂಬತ್ತು ಗಂಟೆ ಪುಟ್ಟ ದೇಶವೊಂದರ ಅಚ್ಚುಕಟ್ಟಿನಲ್ಲಿ ಇದ್ದು ಅಭ್ಯಾಸವಾಗಿದ್ದರು.

ಕೈಗಾರಿಕಾ ಪ್ರದೇಶವಾದ ಪೀಣ್ಯದ ಕಡೆಗೆ ಈ ನಂಟು ಇನ್ನೂ ಹಳೆಯದು. ಜಾಲಹಳ್ಳಿಯ ಎಚ್‌ಎಂಟಿ 1953ರಲ್ಲಿ ಶುರುವಾದದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಿಂದ. ರಾಜಾಜಿನಗರದ ಸರ್ಕಾರಿ ಟೂಲ್ ರೂಮ್, ಇವತ್ತಿನ ಜಿಟಿಟಿಸಿ, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬಂತು. ಸ್ವಿಸ್ ನೆರವಿನಿಂದ ಕೇರಳದ ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ ಹುಟ್ಟಿದ ಎನ್‌ಟಿಟಿಎಫ್ ತಾಂತ್ರಿಕ ತರಬೇತಿ ಸಂಸ್ಥೆ ಪೀಣ್ಯದಲ್ಲಿ ನೆಲೆ ಮಾಡಿಕೊಂಡಿತು. ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೊರೆಯುವುದನ್ನು ಬೆಂಗಳೂರಿನ ಹುಡುಗರು ಕಲಿತದ್ದು ಹೀಗೆ, ಪೀಣ್ಯದ ಸಣ್ಣ ಶೆಡ್ಡುಗಳ ಎಷ್ಟೋ ಮಾಲೀಕರು ಅಂಥ ಹುಡುಗರೇ. ಆಮೇಲೆ 1996ರಲ್ಲಿ ಫಿಲಿಪ್ಸ್ ತನ್ನ ಸಾಫ್ಟ್‌ವೇರ್ ಕೇಂದ್ರ ತೆರೆಯಿತು, ಹೊಸಕೋಟೆಯಲ್ಲಿ ಸ್ವೀಡನ್ನಿನ ವೋಲ್ವೊ ಬಂತು. ಈಗ ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳು ದೇಶದಲ್ಲೇ ಅತಿ ಹೆಚ್ಚು ಇರುವುದು ಬೆಂಗಳೂರಿನಲ್ಲಿ. ಅಂಥ ಕಡೆ ಐದಾರು ವರ್ಷ ಕೆಲಸ ಮಾಡಿದವಳಿಗೆ ಐಂಡ್‌ಹೋವನ್‌ನ ಮ್ಯಾನೇಜರನ ಮುಖ, ಅವನ ನಾಯಿಯ ಹೆಸರು, ಅಲ್ಲಿ ಯಾವಾಗ ಮಳೆ ಬರುತ್ತದೆಂಬುದು ಎಲ್ಲ ವಿಡಿಯೊ ಕಾಲ್‌ನಲ್ಲೇ ಗೊತ್ತಾಗಿರುತ್ತದೆ. ಟ್ರಾನ್ಸ್‌ಫರ್ ಕೇಳುವುದು ಕೊನೆಯ ಸಣ್ಣ ಹೆಜ್ಜೆ. 2019ರಿಂದ ದೇವನಹಳ್ಳಿಯಿಂದ ಆಮ್‌ಸ್ಟರ್‌ಡ್ಯಾಮಿಗೆ ನೇರ ವಿಮಾನವೂ ಇದೆ.

ವೈಟ್‌ಫೀಲ್ಡ್ ಎಂಬ ಊರೇ ಹೀಗೆ ನೆಲೆ ಹುಡುಕಿ ಬಂದವರಿಂದ ಆದದ್ದು ಎಂಬುದು ಅಲ್ಲಿನ ಟೆಕ್ಕಿಗಳಲ್ಲಿ ಎಷ್ಟು ಜನರಿಗೆ ಗೊತ್ತೋ. 1882ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಯುರೇಷ್ಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು. ಸಂಘ ಕಟ್ಟಿದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ಬ್ರಿಟಿಷರ ಲೆಕ್ಕದಲ್ಲಿ ಪೂರ್ತಿ ತಮ್ಮವರಲ್ಲದ, ಇಲ್ಲಿನವರ ಲೆಕ್ಕದಲ್ಲಿ ಪೂರ್ತಿ ಇಲ್ಲಿಯವರಲ್ಲದ ಜನ ತಮ್ಮದೇ ಒಂದು ಪುಟ್ಟ ಜಗತ್ತು ಬೇಕೆಂದು ವೃತ್ತಾಕಾರದ ಹಳ್ಳಿ ಕಟ್ಟಿಕೊಂಡರು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಇವತ್ತಿಗೂ ಉಳಿದಿವೆ. ಸ್ವಾತಂತ್ರ್ಯ ಬಂದ ಮೇಲೆ ಆ ಮನೆಗಳ ಬಹಳಷ್ಟು ಮಂದಿ ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ ಸೇರಿದರು. ಅವರ ಹೆಂಚಿನ ಮನೆಗಳಿದ್ದ ಕಡೆ ಈಗ ಹದಿನೆಂಟು ಮಹಡಿ.

ಆ ಮಹಡಿಗಳಲ್ಲಿ ಇರುವವರು ಯಾರು? ಹಾಸನ, ದಾವಣಗೆರೆ, ಶಿವಮೊಗ್ಗ, ಕಲಬುರಗಿಯಿಂದ ಬಂದವರು. ಆಂಧ್ರ, ಒಡಿಶಾ, ಬಿಹಾರದಿಂದ ಬಂದವರು. ಬೆಂಗಳೂರಿನವರೇ ಆದರೆ ಮಲ್ಲೇಶ್ವರದ ಅಪ್ಪನ ಮನೆ ಬಿಟ್ಟು ಆಫೀಸಿನ ಹತ್ತಿರ ಬಂದವರು. ಇವರೆಲ್ಲ ಊರು ಬಿಟ್ಟದ್ದು ವಿಮಾನ ಹತ್ತುವಾಗ ಅಲ್ಲ, ಮಹದೇವಪುರಕ್ಕೆ ಲಗೇಜು ಇಳಿಸಿದ ದಿನವೇ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮೂರು ತಲೆಮಾರು ಇದ್ದವನಿಗೆ ಅಂಗಡಿಯವನ ಸಾಲದ ಪುಸ್ತಕ, ದೇವಸ್ಥಾನದ ಭಟ್ಟರು, ಎದುರುಮನೆಯ ನಿವೃತ್ತ ಮೇಷ್ಟರು ಎಲ್ಲವೂ ಬೇಲಿ. ಹೊರವಲಯದ ಫ್ಲಾಟಿನವನಿಗೆ ಬೇಲಿಯಿಲ್ಲ. ಅವನ ತರಕಾರಿ ಆ್ಯಪ್‌ನಿಂದ ಬರುತ್ತದೆ, ನೀರು ಟ್ಯಾಂಕರ್‌ನಿಂದ, ಕರೆಂಟು ಜನರೇಟರ್‌ನಿಂದ; ನೆರೆಮನೆಯವರ ಹೆಸರು ಗೇಟಿನ ಆ್ಯಪ್‌ನಲ್ಲಿ ಕಾಣುತ್ತದೆ. ಊರಿನ ಸರ್ಕಾರದೊಡನೆ ಅವನಿಗಿರುವ ಸಂಬಂಧ ಆಸ್ತಿ ತೆರಿಗೆಯ ರಸೀದಿಯೊಂದೇ. ಅವನು ಬೆಂಗಳೂರನ್ನು ಬಿಟ್ಟು ಹೋದ ಎನ್ನುವುದಕ್ಕಿಂತ, ಬೆಂಗಳೂರು ಅವನಿಗೆ ಪೂರ್ತಿ ಸಿಕ್ಕಿರಲೇ ಇಲ್ಲ ಎನ್ನುವುದು ನಿಜಕ್ಕೆ ಹತ್ತಿರ. ಮೆಟ್ರೊ ಬಂದದ್ದೂ ತಡವಾಗಿ: ನೇರಳೆ ಮಾರ್ಗ 2023ರಲ್ಲಿ ವೈಟ್‌ಫೀಲ್ಡ್ ಮುಟ್ಟಿತು, ಎಲೆಕ್ಟ್ರಾನಿಕ್ ಸಿಟಿಯ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ. ಆದರೆ ರಾಜ್ಯ ಸರ್ಕಾರದ ಕಿಯೋನಿಕ್ಸ್‌ಗಾಗಿ ಆರ್.ಕೆ. ಬಾಳಿಗರು ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡದ್ದು 1970ರ ದಶಕದಲ್ಲಿ.

ಹಾಗಿದ್ದರೆ ಹತ್ತಿರದ ಸಿಂಗಪುರಕ್ಕೇ ಹೋಗಬಹುದಲ್ಲ? ಅಲ್ಲೂ ಹೋಗುತ್ತಾರೆ, ಹೋಗುತ್ತಲೇ ಇದ್ದಾರೆ. ನಾಲ್ಕೂವರೆ ಗಂಟೆಯ ಹಾದಿ, ಇಂಗ್ಲಿಷು ಸಾಕು, ಇಡ್ಲಿ ಸಿಗುತ್ತದೆ, ರಾಜ್ಯೋತ್ಸವ ಮಾಡಲು ಕನ್ನಡ ಸಂಘವಿದೆ, ತೆರಿಗೆ ಕಡಿಮೆ. ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್, ಹಳೆಯ ಬಿಬಿಎಂಪಿಯ ವ್ಯಾಪ್ತಿ ಇದ್ದದ್ದೂ ಸರಿಸುಮಾರು ಅಷ್ಟೇ. ಆದರೆ ಅಲ್ಲಿ ಕೊನೆ ಕಾಣುವುದಿಲ್ಲ. ಪಿಆರ್‌ಗೆ ಅರ್ಜಿ ಹಾಕಬಹುದು, ಸಿಕ್ಕೇ ಸಿಗುತ್ತದೆಂದು ಯಾವ ನಿಯಮವೂ ಹೇಳುವುದಿಲ್ಲ. 2023ರ ಸೆಪ್ಟೆಂಬರ್‌ನಿಂದ ಉದ್ಯೋಗ ಪರವಾನಗಿಗೇ ಅಂಕಪದ್ಧತಿ ಬಂದು, ಕಂಪನಿಯಲ್ಲಿ ಒಂದೇ ದೇಶದವರು ಹೆಚ್ಚಿದ್ದರೆ ಅಂಕ ಕಡಿಮೆ. ಅಪ್ಪ-ಅಮ್ಮನನ್ನು ಜೊತೆಗಿಟ್ಟುಕೊಳ್ಳಲು ತಿಂಗಳಿಗೆ 12,000 ಸಿಂಗಪುರ ಡಾಲರ್ ಸಂಬಳ ಬೇಕು. ಪೋಷಕರೊಡನೆ ಪಿಆರ್ ಪಡೆದ ಗಂಡುಮಗ ಹದಿನೆಂಟಾದಾಗ ಎರಡು ವರ್ಷ ಕಡ್ಡಾಯ ಸೇನಾ ಸೇವೆ ಮಾಡಬೇಕು. ಈ ಕೊನೆಯ ನಿಯಮದ ಸುತ್ತ ಎಷ್ಟೋ ಮನೆಗಳಲ್ಲಿ ರಾತ್ರಿ ಹನ್ನೊಂದರವರೆಗೆ ಚರ್ಚೆ ನಡೆಯುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬ್ಯಾಡ್ಜ್ ಹಾಕಿಕೊಂಡು ಎ.ಸಿ. ಕೋಣೆಗೆ ಹೋಗುವವರ ಕಥೆ. ಪೀಣ್ಯದ ಸಿಎನ್‌ಸಿ ಆಪರೇಟರನ ಲೆಕ್ಕ ಬೇರೆ. ಅವನಿಗೂ ಪುಟ್ಟ ದೇಶಗಳೇ ಗೊತ್ತಿರುವುದು: ಕುವೈತ್, ಕತಾರ್, ಬಹ್ರೇನ್. ಅವನಂಥವರಿಗೆ ಅಲ್ಲಿ ಪಿಆರ್ ಎಂಬ ಮಾತೇ ಇಲ್ಲ, ಕೆಲಸ ಹೋದರೆ ವೀಸಾವೂ ಹೋದಂತೆ. ಅವನಿಗೆ ಅದು ಬೇಕಾಗಿಯೂ ಇಲ್ಲ. ತಂಗಿಯ ಮದುವೆ, ಊರಲ್ಲಿ ಆರ್‌ಸಿಸಿ ಮನೆ, ಆಮೇಲೆ ಸ್ವಂತಕ್ಕೊಂದು ಹಳೆಯ ಲೇತ್ ಮಷೀನು. ಟೆಕ್ಕಿ ನಿಲ್ಲಲು ಹೋಗುತ್ತಾನೆ, ಇವನು ಹಿಂತಿರುಗಲು ಹೋಗುತ್ತಾನೆ. ಈಚೆಗೆ ಅವನ ಕಿವಿಗೆ ಬೀಳುತ್ತಿರುವ ಹೊಸ ಹೆಸರು ಸ್ಲೊವಾಕಿಯಾ. 54 ಲಕ್ಷ ಜನರ ದೇಶ, ತಲಾವಾರು ಕಾರು ತಯಾರಿಕೆಯಲ್ಲಿ ಜಗತ್ತಿಗೇ ಮೊದಲು. ಟಾಟಾ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್ ಕೂಡ 2018ರಿಂದ ಅಲ್ಲಿನ ನಿತ್ರಾದಲ್ಲಿ ಕಾರು ಮಾಡುತ್ತಿದೆ. ಯಂತ್ರ ನಡೆಸಲು ಅಲ್ಲಿ ಜನ ಸಾಲುತ್ತಿಲ್ಲ.

ಇಲ್ಲಿ ಒಂದೆರಡು ವಿಷಯ ಗೊತ್ತಿರಬೇಕು, ಯಾಕೆಂದರೆ ಪೀಣ್ಯದ ಚಹಾ ಅಂಗಡಿಗಳ ಕಂಬಕ್ಕೆ ಅಂಟಿಸಿದ ಚೀಟಿಗಳಲ್ಲಿ ಇವು ಬರೆದಿರುವುದಿಲ್ಲ. ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು. ಅವನು ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಮೂರು ಲಕ್ಷ ಕೇಳುವವನು ವೀಸಾ ಮಾರುತ್ತಿದ್ದಾನೆ ಎಂದೇ ತಿಳಿಯಬೇಕು. ಹತ್ತನೇ ತರಗತಿ ಪಾಸಾಗದವರಿಗೆ ಕೊಲ್ಲಿಯ ದೇಶಗಳಿಗೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕು. ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಬಹುದು ಎನ್ನುವವನ ಮಾತು ನಂಬಿದರೆ ಆ ರಕ್ಷಣೆಯೂ ತಪ್ಪುತ್ತದೆ. ರಾಜ್ಯ ಕೌಶಲ್ಯಾಭಿವೃದ್ಧಿ ನಿಗಮದಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಎಂದೇ ಒಂದಿದೆ. ಅಲ್ಲಿ ವಿಚಾರಿಸುವುದಕ್ಕೆ ದುಡ್ಡು ಬೇಕಿಲ್ಲ.

ಪುಟ್ಟ ದೇಶದ ಕಷ್ಟಗಳೂ ಅದರ ಪುಟ್ಟತನದಿಂದಲೇ ಬರುತ್ತವೆ. ನೆದರ್ಲೆಂಡ್ಸಿನಲ್ಲಿ ಸುಮಾರು 4 ಲಕ್ಷ ಮನೆಗಳ ಕೊರತೆ. ಬಾಡಿಗೆಗೆ ಒಂದು ಫ್ಲಾಟು ಕಂಡರೆ ನೋಡಲು ಸಾಲು ನಿಲ್ಲಬೇಕು, ಮನೆ ಸಿಗುವುದರೊಳಗೆ ರಿಲೊಕೇಶನ್ ಪ್ಯಾಕೇಜ್ ಕರಗುತ್ತದೆ. ಐಂಡ್‌ಹೋವನ್‌ನಂಥ ಊರಿನಲ್ಲಿ ಇರುವುದು ಒಂದೆರಡು ದೊಡ್ಡ ಕಂಪನಿ; ಅಲ್ಲಿ ಕೆಲಸ ಹೋದರೆ ಹೊಸದು ಹುಡುಕಿಕೊಳ್ಳಲು ಕೊಡುವುದು ಮೂರು ತಿಂಗಳು. ನಿಯಮಗಳು ಎಷ್ಟು ಸ್ಪಷ್ಟವೋ ಅಷ್ಟೇ ಬೇಗ ಬದಲಾಗುತ್ತವೆ. ಆ ಶೇ 30ರ ರಿಯಾಯಿತಿಯ ಅವಧಿ ಹಿಂದೆ ಎಂಟು ವರ್ಷವಿತ್ತು, 2019ರಲ್ಲಿ ಐದಾಯಿತು. 2024ರಲ್ಲಿ ಅದನ್ನು ಹಂತಹಂತವಾಗಿ ಇಳಿಸುವ ನಿಯಮ ಬಂತು, ಮರುವರ್ಷವೇ ಹಿಂದಕ್ಕೆ ಹೋಯಿತು; 2027ರಿಂದ ಶೇ 27. ಪೌರತ್ವಕ್ಕೆ ಬೇಕಾದ ಐದು ವರ್ಷವನ್ನು ಹತ್ತು ಮಾಡುವ ಮಾತು 2024ರ ಸಮ್ಮಿಶ್ರ ಸರ್ಕಾರದ ಒಪ್ಪಂದದಲ್ಲೇ ಇತ್ತು. ಐರ್ಲೆಂಡಿನಲ್ಲಿ 2025ರ ಬೇಸಿಗೆಯಲ್ಲಿ ಭಾರತೀಯರ ಮೇಲೆ ಹಲ್ಲೆಗಳಾಗಿ, ಜಾಗ್ರತೆಯಿಂದಿರಿ, ನಿರ್ಜನ ಜಾಗಗಳಲ್ಲಿ ಓಡಾಡಬೇಡಿ ಎಂದು ಭಾರತದ ರಾಯಭಾರ ಕಚೇರಿಯೇ ಆಗಸ್ಟ್ 1ರಂದು ಸೂಚನೆ ಹೊರಡಿಸಬೇಕಾಯಿತು. ಐವತ್ತು ಲಕ್ಷ ಜನರ ದೇಶದಲ್ಲಿ ಹೊರಗಿನವನು ಬೇಗ ಕಣ್ಣಿಗೆ ಬೀಳುತ್ತಾನೆ.

ಊಟದ ಕಷ್ಟ ಮಾತ್ರ ಅಷ್ಟಿಲ್ಲ, ಕೊನೆಪಕ್ಷ ಡಚ್ಚರ ನಾಡಿನಲ್ಲಿ. 1873ರಿಂದ ಕಲ್ಕತ್ತಾದಲ್ಲಿ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಕೂಲಿಗಳಾಗಿ ಹೋದವರ ಮೊಮ್ಮಕ್ಕಳು, ಮರಿಮಕ್ಕಳು 1975ರ ಸುಮಾರಿಗೆ, ಆ ವಸಾಹತು ಸ್ವತಂತ್ರವಾದಾಗ, ದೊಡ್ಡ ಸಂಖ್ಯೆಯಲ್ಲಿ ನೆದರ್ಲೆಂಡ್ಸಿಗೆ ಬಂದರು. ಹೇಗ್ ನಗರದ ಅವರ ಅಂಗಡಿಗಳಲ್ಲಿ ಉದ್ದನೆಯ ಅಲಸಂದೆ, ಹಾಗಲಕಾಯಿ ಎಲ್ಲ ಸಿಗುತ್ತದೆ. ಭೋಜಪುರಿ ಕಲೆತ ಹಿಂದೂಸ್ತಾನಿ ಆಡುವ ಆ ಅಂಗಡಿಯವರು ನೂರೈವತ್ತು ವರ್ಷದ ಹಿಂದೆ ಊರು ಬಿಟ್ಟವರ ವಂಶ. ಹುಳಿಗೆ ಕಾಯಿ ಕೊಳ್ಳಲು ಬಂದ ಟೆಕ್ಕಿ ಮೊನ್ನೆ ಮೊನ್ನೆ ಬಿಟ್ಟವನು.

ಐದು ವರ್ಷ ತುಂಬಿದಾಗ ನಿಜವಾದ ತೀರ್ಮಾನ ಎದುರಾಗುತ್ತದೆ. ಭಾರತದ ಕಾನೂನು ಎರಡು ಪೌರತ್ವ ಒಪ್ಪುವುದಿಲ್ಲ. ಇನ್ನೊಂದು ದೇಶದ ಪಾಸ್‌ಪೋರ್ಟ್ ಪಡೆದ ಕ್ಷಣ ನಮ್ಮದು ಹೋಗುತ್ತದೆ. ಬದಲಿಗೆ ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಸಿಗುತ್ತದೆ, ಅದರಲ್ಲಿ ಬಂದು ಎಷ್ಟು ದಿನ ಬೇಕಾದರೂ ಇರಬಹುದು, ಫ್ಲಾಟು ಕೊಳ್ಳಬಹುದು. ಆದರೆ ಮತ ಹಾಕುವಂತಿಲ್ಲ, ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು, ಅಷ್ಟೆ. ಸಕಲೇಶಪುರದಲ್ಲಿ ಮೂರೆಕರೆ ಕಾಫಿ, ತುರುವೇಕೆರೆಯಲ್ಲಿ ಒಂದು ತೆಂಗಿನ ತೋಟ ಎಂದು ಮುಪ್ಪಿನ ಕನಸು ಕಟ್ಟಿಕೊಂಡವರಿಗೆ ಇದು ಸಣ್ಣ ವಿಷಯವಲ್ಲ. ಹಾಗಾಗಿ ಎಷ್ಟೋ ಮಂದಿ ಪಾಸ್‌ಪೋರ್ಟಿನ ಗೊಡವೆಗೆ ಹೋಗದೆ ಪಿಆರ್‌ನಲ್ಲೇ ನಿಲ್ಲುತ್ತಾರೆ. ಯುರೋಪಿನ ಒಕ್ಕೂಟದ ದೀರ್ಘಾವಧಿ ವಾಸದ ಪರವಾನಗಿ ಇಂಥವರಿಗೆ ಒಗ್ಗುತ್ತದೆ: ಭಾರತದ ಪಾಸ್‌ಪೋರ್ಟ್ ಉಳಿಯುತ್ತದೆ, ಅಲ್ಲಿನ ಕೆಲಸದ ಹಕ್ಕೂ ಉಳಿಯುತ್ತದೆ.

ಉಳಿದಿರುವುದು ಅಪ್ಪ-ಅಮ್ಮ. ಅವರನ್ನು ಅಲ್ಲಿಗೆ ಕಾಯಂ ಕರೆಸಿಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು. ಷೆಂಗೆನ್ ವೀಸಾದಲ್ಲಿ ಬಂದರೆ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಮಗು ಹುಟ್ಟಿದಾಗ ಮೊದಲ ಮೂರು ತಿಂಗಳು ತಾಯಿಯ ತಾಯಿ, ಮುಂದಿನ ಮೂರು ತಿಂಗಳು ತಂದೆಯ ತಾಯಿ ಎಂದು ಪಾಳಿ ಹಾಕಿಕೊಳ್ಳುವುದು ಇದಕ್ಕೇ. ಉಲ್ಟಾ ಆದಾಗ, ಅಂದರೆ ಇಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಮಗ ಬಂದು ನಿಲ್ಲಬೇಕಾದಾಗ, ಆ ದೀರ್ಘಾವಧಿ ಪರವಾನಗಿಯ ಇನ್ನೊಂದು ನಿಯಮ ಅಡ್ಡ ಬರುತ್ತದೆ: ಒಕ್ಕೂಟದ ಹೊರಗೆ ಸತತವಾಗಿ ಹನ್ನೆರಡು ತಿಂಗಳು ಇದ್ದರೆ ಅದು ರದ್ದಾಗುತ್ತದೆ. ಅದಕ್ಕೇ ತುಮಕೂರಿನಲ್ಲಿ ಅಪ್ಪನ ಹಾಸಿಗೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವವನು ಹನ್ನೊಂದನೇ ತಿಂಗಳಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಟಿಕೆಟ್ ಬುಕ್ ಮಾಡುತ್ತಾನೆ, ಒಂದು ವಾರಕ್ಕೆ.